ಸಣ್ಣ ತಿಂಡಿ ಅಂಗಡಿಗೆ ವಾಫಲ್ ಯಂತ್ರ: ಮೂರು ಬಗೆಯವನ್ನು ಬಳಸಿದ ಮೇಲೆ

ವಾಫಲ್ ಮಾರುವ ಸಣ್ಣ ಕೌಂಟರ್ ಒಂದನ್ನು ನಡೆಸುತ್ತಿರುವ ನಾನು ಈವರೆಗೆ ಮೂರು ಬಗೆಯ ಯಂತ್ರಗಳನ್ನು ಬಳಸಿದ್ದೇನೆ. ಮೊದಲನೆಯದು ಮನೆಬಳಕೆಗೆಂದು ಮಾರುವ ಹಗುರವಾದ ಯಂತ್ರ. ಎರಡನೆಯದು ನಾನ್‌ಸ್ಟಿಕ್ ಲೇಪನದ ಅಲ್ಯೂಮಿನಿಯಂ ಪ್ಲೇಟುಗಳಿದ್ದು, ಹಿಡಿಯಿಂದ ಮಗುಚಬಹುದಾದ ವಾಣಿಜ್ಯ ಯಂತ್ರ. ಮೂರನೆಯದು ಬೀಡುಕಬ್ಬಿಣದ ಪ್ಲೇಟುಗಳಿರುವ, ಅಕ್ಕಪಕ್ಕ ಎರಡು ಬದಿಗಳಿದ್ದು ಎತ್ತಿಡಲು ಇಬ್ಬರು ಬೇಕಾಗುವ ಜೋಡಿ ಯಂತ್ರ. ಈ ಮೂರರಲ್ಲೂ ಮೊದಲ ವಾಫಲ್ ಚೆನ್ನಾಗಿಯೇ ಬರುತ್ತದೆ. ಅಂಗಡಿಯಲ್ಲಿ ಮಾರಾಟಗಾರ ಹೊಯ್ದು ತೋರಿಸುವುದೂ ಆ ಮೊದಲ ವಾಫಲನ್ನೇ. ಆದರೆ ಗಿರಾಕಿಗಳು ಸಾಲಾಗಿ ನಿಂತಾಗ ಒಂದರ ಹಿಂದೆ ಒಂದರಂತೆ ತೆಗೆಯುವ ಮೂರನೆಯದು, ಐದನೆಯದು, ಎಂಟನೆಯದು ಹೇಗೆ ಬರುತ್ತವೆ ಎಂಬುದರ ಮೇಲೆ ಯಂತ್ರದ ಯೋಗ್ಯತೆ ನಿಂತಿದೆ. ಪ್ಲೇಟು ಎಷ್ಟು ಬಿಸಿಯಾಗಬಲ್ಲದು ಎನ್ನುವುದಕ್ಕಿಂತ, ತಣ್ಣನೆಯ ಹಿಟ್ಟು ಬಿದ್ದು ಕಳೆದ ಕಾವನ್ನು ಅದು ಎಷ್ಟು ಬೇಗ ಮರಳಿ ಪಡೆಯುತ್ತದೆ ಎನ್ನುವುದನ್ನು ನೋಡಿ ಯಂತ್ರ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ತಿಳಿಯಲು ನನಗೆ ಎರಡು ಯಂತ್ರಗಳು ಬೇಕಾದವು.

ಇದು ಬರೀ ಅನುಭವದ ಮಾತಲ್ಲ, ಲೆಕ್ಕಕ್ಕೂ ಸಿಗುತ್ತದೆ. ಒಂದು ವಾಫಲ್‌ಗೆ 150 ಗ್ರಾಂ ಹಿಟ್ಟು ಹೊಯ್ದು, ಬೇಯುವಾಗ ಅದರಿಂದ 35 ಗ್ರಾಂ ನೀರು ಆವಿಯಾಗಿ ಹೋಗುತ್ತದೆ ಎಂದುಕೊಳ್ಳೋಣ. ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 2.26 ಕಿಲೋಜೂಲ್ ಶಕ್ತಿ ಬೇಕು. ಅಂದರೆ ಆವಿಗೇ ಸುಮಾರು 79 ಕಿಲೋಜೂಲ್ ಹೋಯಿತು. ಹಿಟ್ಟನ್ನು ಕೋಣೆಯ ಉಷ್ಣತೆಯಿಂದ ಕುದಿಯುವ ಮಟ್ಟಕ್ಕೆ ಏರಿಸಲು ಇನ್ನೂ 35 ಕಿಲೋಜೂಲ್‌ನಷ್ಟು ಬೇಕಾಗುತ್ತದೆ. ಒಟ್ಟು 115 ಕಿಲೋಜೂಲ್‌ನಷ್ಟಾಗುವ ಈ ಶಕ್ತಿಯನ್ನು ಮೂರು ನಿಮಿಷಗಳಲ್ಲಿ ಒದಗಿಸಬೇಕಾದರೆ ಹಿಟ್ಟಿನೊಳಕ್ಕೇ 640 ವಾಟ್‌ನಂತೆ ಶಾಖ ಹರಿಯುತ್ತಿರಬೇಕು. ಹೊರಕವಚದಿಂದ ಸೋರಿಹೋಗುವ ಶಾಖ, ಮುಚ್ಚಳ ತೆರೆದಾಗ ಗಾಳಿಗೆ ಹೋಗುವ ಶಾಖ ಇವೆಲ್ಲ ಬೇರೆ. 800 ವಾಟ್‌ನ ಮನೆಬಳಕೆಯ ಯಂತ್ರವು ಎಡೆಬಿಡದೆ ದುಡಿದರೂ ಈ ಬೇಡಿಕೆಯನ್ನು ಕಷ್ಟದಿಂದ ಮುಟ್ಟುತ್ತದೆ. ಮನೆಯಲ್ಲಿ ಇದು ತೊಂದರೆಯೆನಿಸುವುದಿಲ್ಲ, ಏಕೆಂದರೆ ನಾಲ್ಕು ಜನರಿಗೆ ನಾಲ್ಕು ವಾಫಲ್ ಆದ ಮೇಲೆ ಯಂತ್ರಕ್ಕೆ ಬಿಡುವು ಸಿಗುತ್ತದೆ. ಕೌಂಟರಿನಲ್ಲಿ ಆ ಬಿಡುವು ಇಲ್ಲದಿರುವುದರಿಂದ ನಾಲ್ಕನೆಯದರ ಹೊತ್ತಿಗೆ ಬಣ್ಣ ತಿಳಿಯಾಗಿ, ಅಂಚು ಮಾತ್ರ ಬೆಂದು, ನಡುವೆ ಹಸಿಹಸಿಯಾದ ವಾಫಲ್ ಕೈಗೆ ಬರುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಸರಿಹೋಗುತ್ತದೆ ಎಂದು ನಾನೂ ಭಾವಿಸಿದ್ದೆ. ಕಡಿಮೆ ಕಾವಿನಲ್ಲಿ ಹೆಚ್ಚು ಹೊತ್ತು ಇಟ್ಟ ವಾಫಲ್ ಗರಿಗರಿಯಾಗುವ ಬದಲು ಒಣಗಿ ಚರ್ಮದಂತಾಗುತ್ತದೆ.

ಇಲ್ಲಿ ಪ್ಲೇಟಿನ ಲೋಹದ ಪ್ರಶ್ನೆ ಬರುತ್ತದೆ. ಕಬ್ಬಿಣ ಅಲ್ಯೂಮಿನಿಯಂಗಿಂತ ಹೆಚ್ಚು ಕಾವು ಹಿಡಿದಿಡುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ತೂಕಕ್ಕೆ ತೂಕ ಹೋಲಿಸಿದರೆ ಅಲ್ಯೂಮಿನಿಯಂ ಹಿಡಿದಿಡುವ ಶಾಖವೇ ಹೆಚ್ಚು: ಒಂದು ಕಿಲೋ ಅಲ್ಯೂಮಿನಿಯಂನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಸುಮಾರು 0.9 ಕಿಲೋಜೂಲ್ ಬೇಕು, ಕಬ್ಬಿಣಕ್ಕೆ ಅದರ ಅರ್ಧದಷ್ಟು ಸಾಕು. ಆದರೆ ಕಬ್ಬಿಣ ಸಾಂದ್ರವಾದ ಲೋಹವಾದ್ದರಿಂದ ಅದೇ ಗಾತ್ರದ ಪ್ಲೇಟು ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಹಾಗಾಗಿ ಗಾತ್ರಕ್ಕೆ ಗಾತ್ರ ಹೋಲಿಸಿದರೆ ಕಬ್ಬಿಣ ಮುಂದೆ ನಿಲ್ಲುತ್ತದೆ. ಅದಲ್ಲದೆ ಕಬ್ಬಿಣದ ಪ್ಲೇಟುಗಳನ್ನು ಸಾಮಾನ್ಯವಾಗಿ ದಪ್ಪವಾಗಿಯೇ ಎರಕ ಹೊಯ್ಯುತ್ತಾರೆ. ಎಂಟು ಕಿಲೋ ತೂಗುವ ಒಂದು ಜೊತೆ ಕಬ್ಬಿಣದ ಪ್ಲೇಟುಗಳು 20 ಡಿಗ್ರಿ ಇಳಿದರೆ ಸುಮಾರು 74 ಕಿಲೋಜೂಲ್ ಶಾಖವನ್ನು ಹಿಟ್ಟಿಗೆ ಕೊಡಬಲ್ಲವು. ಒಂದು ಕಿಲೋ ತೂಗುವ ತೆಳು ಅಲ್ಯೂಮಿನಿಯಂ ಪ್ಲೇಟುಗಳು ಅಷ್ಟೇ ಇಳಿದಾಗ 18 ಕಿಲೋಜೂಲ್ ಮಾತ್ರ ಕೊಡುತ್ತವೆ. ಒಟ್ಟಿನಲ್ಲಿ ಲೋಹದ ಹೆಸರಿಗಿಂತ ಅದರ ತೂಕ ಮುಖ್ಯ. ಅಲ್ಯೂಮಿನಿಯಂನ ಅನುಕೂಲ ಬೇರೆ ಕಡೆಗಿದೆ: ಅದರಲ್ಲಿ ಶಾಖ ಬೀಡುಕಬ್ಬಿಣಕ್ಕಿಂತ ಹಲವು ಪಟ್ಟು ವೇಗವಾಗಿ ಹರಿಯುವುದರಿಂದ ಪ್ಲೇಟಿನ ಉದ್ದಗಲಕ್ಕೂ ಕಾವು ಒಂದೇ ಸಮನಾಗಿರುತ್ತದೆ, ಬೆಳಿಗ್ಗೆ ಬೇಗ ಬಿಸಿಯಾಗುತ್ತದೆ. ದಪ್ಪ ಅಲ್ಯೂಮಿನಿಯಂ ಪ್ಲೇಟು ಮತ್ತು ಸಾಕಷ್ಟು ವಾಟ್ ಇರುವ ಯಂತ್ರ ಸಿಕ್ಕರೆ ಕಬ್ಬಿಣವಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಾಗಿಲ್ಲ.

ಕೊಳ್ಳುವ ಮುನ್ನ ಮಾರಾಟಗಾರನಲ್ಲಿ ನಾನು ಈಗ ಕೇಳುವುದು ಒಂದೇ ಪರೀಕ್ಷೆ. ನನ್ನದೇ ಹಿಟ್ಟನ್ನು ಒಯ್ದು, ಯಂತ್ರ ಪೂರ್ತಿ ಬಿಸಿಯಾದ ಮೇಲೆ, ನಡುವೆ ಕಾಯದೆ, ಅಷ್ಟೇ ಹಿಟ್ಟು ಅಷ್ಟೇ ಸಮಯದ ಲೆಕ್ಕದಲ್ಲಿ ಆರು ವಾಫಲ್‌ಗಳನ್ನು ಸಾಲಾಗಿ ಬೇಯಿಸುತ್ತೇನೆ. ಒಂದೊಂದನ್ನೂ ತೆಗೆದ ಕೂಡಲೇ ಸಣ್ಣ ತಕ್ಕಡಿಯಲ್ಲಿ ತೂಗುತ್ತೇನೆ. ಮೊದಲನೆಯದಕ್ಕಿಂತ ಆರನೆಯದು ಹೆಚ್ಚು ತೂಗಿದರೆ ಅಷ್ಟು ನೀರು ಅದರೊಳಗೇ ಉಳಿದಿದೆ ಎಂದರ್ಥ. ಕಣ್ಣಿಗೆ ಬಣ್ಣ ಒಂದೇ ಎಂದು ಕಂಡರೂ ತಕ್ಕಡಿಗೆ ಮೋಸವಾಗುವುದಿಲ್ಲ. ಆಮೇಲೆ ಮೇಲ್ಮೈ ಮತ್ತು ತಳದ ಬಣ್ಣವನ್ನು, ನಾಲ್ಕು ಮೂಲೆಗಳನ್ನು ಹೋಲಿಸಿ ನೋಡುತ್ತೇನೆ. ಕಾವು ಕೊಡುವ ಕಾಯಿಲ್ ಪ್ಲೇಟಿನ ಒಳಗೇ ಎರಕದೊಂದಿಗೆ ಸೇರಿರುವ ಯಂತ್ರಗಳಲ್ಲಿ ಮೂಲೆಗಳೂ ಚೆನ್ನಾಗಿ ಬೇಯುತ್ತವೆ. ಕಾಯಿಲನ್ನು ಕೆಳಗಿನಿಂದ ಒತ್ತಿ ಕೂರಿಸಿರುವಲ್ಲಿ, ಅದರಲ್ಲೂ ಪ್ಲೇಟು ಕಳಚಿ ತೊಳೆಯಬಹುದಾದ ಮಾದರಿಗಳಲ್ಲಿ, ಲೋಹಕ್ಕೆ ಲೋಹ ಸರಿಯಾಗಿ ತಾಕದೆ ಅಲ್ಲಲ್ಲಿ ತಂಪು ಜಾಗಗಳು ಉಳಿಯುತ್ತವೆ. ಇದನ್ನು ಅಳೆಯಲು ಅತಿಗೆಂಪು ಥರ್ಮಾಮೀಟರ್ ಒಯ್ಯುವವರಿಗೆ ಒಂದು ಮಾತು: ಪಳಗಿದ ಕಪ್ಪು ಕಬ್ಬಿಣದ ಮೇಲೆ ಅದು ನಂಬಿಕೆಗೆ ಅರ್ಹವಾದ ಅಂಕಿ ತೋರಿಸುತ್ತದೆ, ಹೊಳೆಯುವ ಬರಿಯ ಲೋಹದ ಮೇಲೆ ನಿಜವಾದ ಉಷ್ಣತೆಗಿಂತ ತುಂಬ ಕಡಿಮೆ ತೋರಿಸುತ್ತದೆ. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರರಿದ್ದಾರೆ. ಅವರಿಂದ ನಾನು ಕೊಳ್ಳುವುದಿಲ್ಲ.

ಯಾವ ವಾಫಲ್ ಮಾರುತ್ತೀರಿ ಎಂಬುದು ತೀರ್ಮಾನವಾಗದೆ ಯಂತ್ರ ನೋಡಲು ಹೋಗುವುದರಲ್ಲಿ ಅರ್ಥವಿಲ್ಲ. ಪೆಟ್ಟಿಗೆಯ ಮೇಲೆ ‘ಬೆಲ್ಜಿಯನ್’ ಎಂದು ಬರೆದಿರುವುದರಿಂದ ಏನೂ ತಿಳಿಯುವುದಿಲ್ಲ. ಬ್ರಸೆಲ್ಸ್ ಮಾದರಿಯ ವಾಫಲನ್ನು 1962ರ ಸಿಯಾಟಲ್ ಪ್ರದರ್ಶನದಲ್ಲಿ, ಆಮೇಲೆ 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಅಮೆರಿಕದ ಜನ ತಿಂದು ಮೆಚ್ಚಿದ ಮೇಲೆ, ಆಳವಾದ ಗುಳಿಗಳಿರುವ ಎಲ್ಲವನ್ನೂ ಬೆಲ್ಜಿಯನ್ ಎಂದು ಕರೆಯುವ ರೂಢಿ ಬಂದುಬಿಟ್ಟಿತು. ಬೆಲ್ಜಿಯಂನಲ್ಲಿಯೇ ಒಂದಕ್ಕಿಂತ ಹೆಚ್ಚು ಬಗೆಗಳಿವೆ. ಬ್ರಸೆಲ್ಸ್ ಬಗೆಗೆ ನೀರಾದ ಹಿಟ್ಟು, ಆಯತಾಕಾರ, ಆಳವಾದ ಗುಳಿ. ಅದು ಹಗುರವಾಗಿ, ಹೊರಗೆ ಗರಿಗರಿಯಾಗಿ, ಒಳಗೆ ಟೊಳ್ಳಾಗಿ ಬರಬೇಕು. ಲೀಜ್ ಬಗೆಗೆ ಯೀಸ್ಟ್ ಹಾಕಿ ನಾದಿದ ಗಟ್ಟಿ ಹಿಟ್ಟಿನ ಉಂಡೆ, ಅದರೊಳಗೆ ಮುತ್ತಿನಂಥ ದಪ್ಪ ಸಕ್ಕರೆಯ ಹರಳುಗಳು. ಪ್ಲೇಟಿಗೆ ತಾಗಿದ ಸಕ್ಕರೆ ಕರಗಿ, ಕಂದುಗಟ್ಟಿ, ಮೇಲೆ ಗಾಜಿನಂಥ ಪದರವಾಗುತ್ತದೆ. ಬೇಕಿಂಗ್ ಪೌಡರ್ ಹಾಕಿದ ದುಂಡನೆಯ ಸಾಧಾರಣ ವಾಫಲ್ ಮಾರುವವರಿಗೆ ಇವೆರಡರ ಗೊಡವೆ ಇಲ್ಲ. ದಪ್ಪ ಅಲ್ಯೂಮಿನಿಯಂ ಪ್ಲೇಟಿನ ಯಾವ ಒಳ್ಳೆಯ ಯಂತ್ರವೂ ಅವರಿಗೆ ಸಾಕು.

ಲೀಜ್ ಬಗೆಯನ್ನು ಮಾರುವ ಯೋಚನೆ ಇದ್ದರೆ ಮಾತ್ರ ನಾನು ಬೀಡುಕಬ್ಬಿಣವನ್ನು ಬಿಟ್ಟು ಬೇರೆಯದನ್ನು ಸೂಚಿಸಲಾರೆ. ಕರಗಿದ ಸಕ್ಕರೆ ಲೇಪನಕ್ಕೆ ಅಂಟಿ ಗಟ್ಟಿಯಾದಾಗ ಅದನ್ನು ಕೆರೆಯದೆ ಬೇರೆ ದಾರಿ ಇರುವುದಿಲ್ಲ, ಕೆರೆದಷ್ಟೂ ಲೇಪನ ಏಳುತ್ತದೆ. ಅದಲ್ಲದೆ ನಾನ್‌ಸ್ಟಿಕ್ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾಳಾಗತೊಡಗುತ್ತದೆ. ಸಕ್ಕರೆ ಸುಟ್ಟು ಹೋಗಲೆಂದು ಖಾಲಿ ಯಂತ್ರವನ್ನು ಪೂರ್ತಿ ಕಾವಿನಲ್ಲಿ ಇಡುವವರು ತಮ್ಮ ಪ್ಲೇಟನ್ನು ತಾವೇ ಕೊಲ್ಲುತ್ತಾರೆ. ನನ್ನ ಎರಡನೆಯ ಯಂತ್ರದಲ್ಲಿ ವಾರಕ್ಕೆ ಎರಡು ದಿನ ಲೀಜ್ ಮಾಡಲು ಹೋಗಿ ಗುಳಿಗಳ ತುದಿಯ ಲೇಪನವನ್ನೆಲ್ಲ ಕಳೆದುಕೊಂಡೆ. ತಪ್ಪು ಯಂತ್ರದ್ದಲ್ಲ, ನನ್ನದು.

ಆ ಯಂತ್ರದ ಒಳ್ಳೆಯ ಗುಣವೆಂದರೆ ಮಗುಚುವ ವ್ಯವಸ್ಥೆ. ಇದನ್ನು ಬರೀ ಆಡಂಬರ ಎಂದುಕೊಂಡವರಿದ್ದಾರೆ. ನೀರಾದ ಹಿಟ್ಟು ತಳದ ಪ್ಲೇಟಿನಲ್ಲಿ ಹರಡಿ ನಿಲ್ಲುತ್ತದೆ, ಮೇಲಿನ ಪ್ಲೇಟಿಗೂ ಅದಕ್ಕೂ ನಡುವೆ ಆವಿ ತುಂಬಿಕೊಂಡಿರುತ್ತದೆ. ಮುಚ್ಚಿದ ಕೂಡಲೇ ಮಗುಚಿದರೆ ಇನ್ನೂ ಗಟ್ಟಿಯಾಗದ ಹಿಟ್ಟು ಮೇಲಿದ್ದ ಪ್ಲೇಟಿನ ಗುಳಿಗಳಿಗೂ ಇಳಿದು, ಎರಡೂ ಮುಖಗಳಲ್ಲಿ ಮೊದಲೇ ಪದರ ಕಟ್ಟುತ್ತದೆ. ಆಮೇಲೆ ಉಬ್ಬುವ ಹಿಟ್ಟು ಆ ಎರಡು ಪದರಗಳ ನಡುವೆ ಉಬ್ಬುವುದರಿಂದ ಒಳಗೆ ಹಗುರಾಗುತ್ತದೆ. ಅರ್ಧ ನಿಮಿಷ ತಡಮಾಡಿ ಮಗುಚಿದರೆ ಈ ಲಾಭವೆಲ್ಲ ಹೋಗುತ್ತದೆ. ಬ್ರಸೆಲ್ಸ್ ಬಗೆಗೆ ಮಗುಚುವಿಕೆ ಬೇಕೇ ಬೇಕು. ಗಟ್ಟಿ ಹಿಟ್ಟಿನ ಲೀಜ್ ಬಗೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಅಲ್ಲಿ ಭಾರವಾದ ಮುಚ್ಚಳ ಉಂಡೆಯನ್ನು ಒತ್ತಿ ಹಿಡಿದರೆ ಸಾಕು.

ಆದರೆ ತಿರುಗುವ ಯಂತ್ರಕ್ಕೆ ತಿರುಗುವ ಭಾಗಗಳೇ ಶತ್ರು. ಮೇಲಿನ ಪ್ಲೇಟಿಗೆ ಹೋಗುವ ವಿದ್ಯುತ್ ತಂತಿ ತಿರುಗಣೆಯ ಜಾಗದಲ್ಲಿ ದಿನಕ್ಕೆ ನೂರಾರು ಸಲ ಬಾಗಿ ನೇರವಾಗುತ್ತದೆ. ನನ್ನ ಯಂತ್ರದಲ್ಲಿ ಒಂದು ವರ್ಷ ತುಂಬುವ ಮೊದಲೇ ಅದು ಒಳಗೆ ತುಂಡಾಯಿತು. ಮೇಲ್ಮೈ ಬೇಯದೆ ಬಂದಾಗ ಹಿಟ್ಟಿನ ದೋಷವೆಂದು ಎರಡು ದಿನ ಪಾಕವನ್ನು ತಿದ್ದುತ್ತ ಕುಳಿತಿದ್ದೆ. ಮಾರಿದವರು ವಾರಂಟಿಯನ್ನು ಒಪ್ಪಿದರು, ಆದರೆ ಬಿಡಿಭಾಗ ಬರಲು ಐದು ವಾರ ಹಿಡಿಯಿತು, ಆ ಐದು ವಾರ ನನ್ನ ಕೌಂಟರಿನಲ್ಲಿ ವಾಫಲ್ ಇರಲಿಲ್ಲ. ಅಂದಿನಿಂದ ಪ್ಲೇಟು, ಕಾವನ್ನು ಹದದಲ್ಲಿಡುವ ಥರ್ಮೋಸ್ಟಾಟ್, ಕಾಯಿಲ್, ತಿರುಗಣೆಯ ತಂತಿ ಈ ನಾಲ್ಕು ಬಿಡಿಯಾಗಿ ಸಿಗುತ್ತವೆಯೇ, ಎಷ್ಟು ದಿನಗಳಲ್ಲಿ ಸಿಗುತ್ತವೆ ಎಂದು ಬರವಣಿಗೆಯಲ್ಲಿ ಪಡೆಯದೆ ನಾನು ಯಾವ ಯಂತ್ರಕ್ಕೂ ಮುಂಗಡ ಕೊಡುವುದಿಲ್ಲ. ವಾರಂಟಿಯ ವರ್ಷಗಳಿಗಿಂತ ಈ ದಿನಗಳ ಲೆಕ್ಕವೇ ಸಣ್ಣ ಅಂಗಡಿಯನ್ನು ಉಳಿಸುವುದು. ಮನೆಬಳಕೆಯ ಯಂತ್ರಗಳ ವಾರಂಟಿ ಪತ್ರದಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲು ಸಣ್ಣ ಅಕ್ಷರದಲ್ಲಿರುತ್ತದೆ: ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಅನ್ವಯಿಸುವುದಿಲ್ಲ.

ಥರ್ಮೋಸ್ಟಾಟಿನ ತಿರುಗುಗುಂಡಿಯ ಮೇಲೆ ಡಿಗ್ರಿಗಳಿರುವ ಯಂತ್ರವನ್ನೇ ಆರಿಸಿಕೊಳ್ಳಿ. 1ರಿಂದ 6ರವರೆಗಿನ ಅಂಕಿಗಳಿದ್ದರೆ ಎರಡನೆಯ ಯಂತ್ರ ಕೊಂಡಾಗಲೋ, ಥರ್ಮೋಸ್ಟಾಟ್ ಬದಲಿಸಿದಾಗಲೋ ನೀವು ಕಲಿತದ್ದೆಲ್ಲ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಬ್ರಸೆಲ್ಸ್ ಹಿಟ್ಟನ್ನು ನಾನು 190 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತೇನೆ. ಸಕ್ಕರೆ ಸೀಯದಿರಲೆಂದು ಲೀಜ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆ. ‘ಸಿದ್ಧ’ ಎಂದು ಬೆಳಗುವ ದೀಪವನ್ನು ಮೊದಲ ಸಲವೇ ನಂಬಬಾರದು. ಸಂವೇದಕ ಇರುವ ಒಂದು ಜಾಗ ಬಿಸಿಯಾಯಿತು ಎನ್ನುವುದಷ್ಟೇ ಅದರ ಅರ್ಥ; ದಪ್ಪ ಕಬ್ಬಿಣದ ಉಳಿದ ಭಾಗಕ್ಕೆ ಆ ಕಾವು ಹರಡಲು ಇನ್ನೂ ಹೊತ್ತು ಬೇಕು. ದೀಪ ಮೂರು ಸಲ ಆರಿ ಹೊತ್ತಿದ ಮೇಲೆ ಹಿಟ್ಟು ಹೊಯ್ಯುವುದು ನನ್ನ ರೂಢಿ. ಟೈಮರ್ ಇದ್ದರೆ ಒಳ್ಳೆಯದು, ಆದರೆ ಅದರ ಸದ್ದು ಅಂಗಡಿಯ ಗದ್ದಲದಲ್ಲಿ ಕೇಳಿಸುವಷ್ಟಿರಬೇಕು. ಪ್ರದರ್ಶನ ಕೋಣೆಯ ನಿಶ್ಶಬ್ದದಲ್ಲಿ ಎಲ್ಲ ಟೈಮರುಗಳೂ ಜೋರಾಗಿಯೇ ಕೇಳುತ್ತವೆ.

ಗಂಟೆಗೆ ಇಷ್ಟು ವಾಫಲ್ ಎಂದು ಕಂಪನಿಗಳು ಹೇಳುವ ಅಂಕಿಯನ್ನು ನೋಡಿ ಯಂತ್ರದ ಗಾತ್ರ ತೀರ್ಮಾನಿಸಬೇಡಿ. ಬೇಯಲು ನಾಲ್ಕು ನಿಮಿಷ, ತೆಗೆದು, ಒರೆಸಿ, ಮತ್ತೆ ಹೊಯ್ಯಲು ಮುಕ್ಕಾಲು ನಿಮಿಷ ಎಂದು ಹಿಡಿದರೆ ಒಂದು ಜೊತೆ ಪ್ಲೇಟಿನಿಂದ ಗಂಟೆಗೆ 12 ವಾಫಲ್ ಬರುತ್ತವೆ, ಅಷ್ಟೇ. ಒಂದೇ ಯಂತ್ರದಿಂದ 25 ಬರಬೇಕಾದರೆ ಎರಡು ನಿಮಿಷ ಚಿಲ್ಲರೆಯಲ್ಲಿ ಒಂದೊಂದು ಮುಗಿಯಬೇಕು. ತೆಳು ವಾಫಲ್‌ಗೆ ಅದು ಆದೀತು, ಆಳವಾದ ಗುಳಿಯ ವಾಫಲ್‌ಗೆ ಆಗುವುದಿಲ್ಲ. ನಿಮ್ಮ ಅತಿ ಬಿಡುವಿಲ್ಲದ ಅರ್ಧ ಗಂಟೆಯಲ್ಲಿ ಎಷ್ಟು ಬೇಕಾಗುತ್ತದೆ ಎಂಬುದನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿದರೆ ಒಂಟಿ ಯಂತ್ರ ಸಾಕೇ, ಜೋಡಿ ಬೇಕೇ ಎಂಬುದು ತಾನಾಗಿ ಗೊತ್ತಾಗುತ್ತದೆ.

ಜೋಡಿ ಎಂದಾಗ ಒಂದು ಎಚ್ಚರಿಕೆ. ಎರಡು ಬದಿಗಳಿಗೂ ಒಂದೇ ಥರ್ಮೋಸ್ಟಾಟ್ ಇರುವ ಜೋಡಿ ಯಂತ್ರವನ್ನು ಯಾರಿಗೂ ಶಿಫಾರಸು ಮಾಡಲಾರೆ. ಒಂದು ಬದಿಯಲ್ಲಿ ಹಿಟ್ಟು ಬಿದ್ದು ತಣ್ಣಗಾದಾಗ ಸಂವೇದಕ ಇನ್ನೊಂದು ಬದಿಯಲ್ಲಿದ್ದರೆ ಯಂತ್ರಕ್ಕೆ ಅದು ತಿಳಿಯುವುದೇ ಇಲ್ಲ; ವ್ಯಾಪಾರ ತೆಳುವಾದ ಮಧ್ಯಾಹ್ನ ಒಂದು ಬದಿಯನ್ನು ಆಫ್ ಮಾಡಲೂ ಆಗುವುದಿಲ್ಲ. ನನ್ನ ಕಬ್ಬಿಣದ ಯಂತ್ರಕ್ಕೆ ಎರಡು ಬದಿಗೂ ಬೇರೆ ಬೇರೆ ನಿಯಂತ್ರಣವಿದೆ, ಅದರ ಬಗ್ಗೆ ದೂರಿಲ್ಲ. ಆದರೂ ಇಂದು ಮೊದಲಿನಿಂದ ಶುರುಮಾಡುವುದಾದರೆ ನಾನು ಜೋಡಿಯ ಬದಲು ಎರಡು ಒಂಟಿ ಯಂತ್ರಗಳನ್ನೇ ಕೊಳ್ಳುತ್ತಿದ್ದೆ. ಜಾಗ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಬೆಲೆಯೂ ಬಹುಶಃ ಹೆಚ್ಚಾಗುತ್ತದೆ. ಆದರೆ ಒಂದು ಕೆಟ್ಟ ದಿನವೂ ಅಂಗಡಿ ನಡೆಯುತ್ತದೆ.

ಎರಡು ಒಂಟಿ ಯಂತ್ರಗಳ ಪರವಾಗಿ ವಿದ್ಯುತ್ತಿನ ಲೆಕ್ಕವೂ ಇದೆ. 2400 ವಾಟ್‌ನ ಜೋಡಿ ಯಂತ್ರ 230 ವೋಲ್ಟಿನಲ್ಲಿ ಹತ್ತು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. 120 ವೋಲ್ಟಿನ ದೇಶಗಳಲ್ಲಿ ಅದೇ ಯಂತ್ರಕ್ಕೆ 20 ಆಂಪಿಯರ್ ಬೇಕು, ಅದನ್ನು ಅಲ್ಲಿನ 15 ಆಂಪಿಯರ್‌ನ ಸಾಮಾನ್ಯ ಸಾಕೆಟ್ಟಿಗೆ ಸಿಕ್ಕಿಸುವಂತೆಯೇ ಇಲ್ಲ. ತಾಸುಗಟ್ಟಲೆ ಉರಿಯುವ ಸಾಧನವಾದ್ದರಿಂದ ಸರ್ಕ್ಯೂಟಿನ ಪೂರ್ತಿ ಸಾಮರ್ಥ್ಯವನ್ನೂ ಲೆಕ್ಕಕ್ಕೆ ಹಿಡಿಯಬಾರದು, ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ಹಿಡಿಯಬೇಕು. ಎರಡು ಒಂಟಿ ಯಂತ್ರಗಳನ್ನು ಬೇರೆ ಬೇರೆ ಸರ್ಕ್ಯೂಟಿಗೆ ಜೋಡಿಸಿದರೆ ಈ ತಲೆನೋವು ತಪ್ಪುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿಗೆ ಈ ಯಂತ್ರಗಳನ್ನು ಯಾವ ಕಾರಣಕ್ಕೂ ಹಾಕಬೇಡಿ. ಮೇಳಗಳಲ್ಲಿ, ಗಾಡಿಯಲ್ಲಿ ಮಾರುವವರಿಗೆ ಗ್ಯಾಸ್ ಯಂತ್ರಗಳೂ ಇವೆ. ನಾನು ಬಳಸಿಲ್ಲವಾದ್ದರಿಂದ ಅವುಗಳ ಬಗ್ಗೆ ಹೇಳುವುದಿಲ್ಲ.

ವಾಣಿಜ್ಯ ಯಂತ್ರ ಎಂಬ ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು, ಆದ್ದರಿಂದ ಹಿಂಬದಿಯ ಫಲಕವನ್ನು ಓದಬೇಕು. ಅಮೆರಿಕದಲ್ಲಿ ವಾಣಿಜ್ಯ ಅಡುಗೆ ಸಾಧನಗಳ ಶುಚಿತ್ವಕ್ಕೆ ಎನ್‌ಎಸ್‌ಎಫ್ 4, ವಿದ್ಯುತ್ ಸುರಕ್ಷತೆಗೆ ಯುಎಲ್ 197 ಎಂಬ ಮಾನದಂಡಗಳಿವೆ. ಯುರೋಪಿನಲ್ಲಿ ಸಿಇ ಗುರುತು ಇರುತ್ತದೆ. ಆಹಾರ ಇಲಾಖೆಯ ತಪಾಸಣೆಯವರು, ವಿಮೆಯವರು ಯಾವುದನ್ನು ಕೇಳುತ್ತಾರೆ ಎಂಬುದನ್ನು ಕೊಳ್ಳುವ ಮೊದಲು ತಿಳಿದುಕೊಳ್ಳಿ.

ಇನ್ನು ಶುಚಿ ಮಾಡುವ ಕೆಲಸ, ಇದರಲ್ಲೇ ಮೂರೂ ಯಂತ್ರಗಳ ಸ್ವಭಾವ ಬಯಲಾಗುತ್ತದೆ. ನಾನ್‌ಸ್ಟಿಕ್ ಪ್ಲೇಟಿಗೆ ಮೊದಮೊದಲು ಒದ್ದೆ ಬಟ್ಟೆ ಸಾಕು. ಅದನ್ನು ಹಾಳುಮಾಡುವುದು ಹೆಚ್ಚಾಗಿ ಡಬ್ಬಿಯಿಂದ ಚಿಮುಕಿಸುವ ಎಣ್ಣೆ. ಅದರಲ್ಲಿರುವ ಲೆಸಿಥಿನ್ ಎಂಬ ಪದಾರ್ಥ ಕಾವಿಗೆ ಕಂದು ಅಂಟಾಗಿ ಗುಳಿಗಳ ಬುಡದಲ್ಲಿ ಕೂರುತ್ತದೆ, ಆಮೇಲೆ ನಾನ್‌ಸ್ಟಿಕ್ ಎಂಬುದೇ ಅಂಟತೊಡಗುತ್ತದೆ. ಬ್ರಷ್ಷಿನಿಂದ ತೆಳ್ಳಗೆ ಸವರಿದ ಸಾದಾ ಎಣ್ಣೆಯೇ ಲೇಸು. ಲೋಹದ ಚಮಚ, ಫೋರ್ಕು ಹತ್ತಿರ ಸುಳಿಯಬಾರದು. ಕೆಲಸದವರ ಕೈಗೆ ಮರದ ಕಡ್ಡಿ ಕೊಟ್ಟು, ಲೋಹದ ಇಕ್ಕಳಗಳನ್ನು ಆ ಮೇಜಿನಿಂದಲೇ ದೂರವಿಡುವುದು ಒಳ್ಳೆಯದು. ಇಷ್ಟೆಲ್ಲ ಜೋಪಾನ ಮಾಡಿದರೂ ಲೇಪನ ಒಂದು ದಿನ ಸವೆಯುತ್ತದೆ, ಆಗ ಪ್ಲೇಟು ಬದಲಿಸಬೇಕು; ಪ್ಲೇಟು ಬದಲಿಸಲಾಗದ ನಾನ್‌ಸ್ಟಿಕ್ ಯಂತ್ರವೆಂದರೆ ಸಾಯುವ ದಿನಾಂಕ ಹೊತ್ತೇ ಬಂದ ಯಂತ್ರ. ಕಬ್ಬಿಣದ ರೀತಿ ಬೇರೆ. ಹೊಸತರಲ್ಲಿ ಎಣ್ಣೆ ಸವರಿ ಕಾಯಿಸಿ, ಮತ್ತೆ ಸವರಿ ಕಾಯಿಸಿ ಪಳಗಿಸಬೇಕು. ಮೊದಲ ವಾರ ಅದು ಅಂಟಿ ಅಂಟಿ ಸತಾಯಿಸುತ್ತದೆ. ಪಳಗಿದ ಮೇಲೆ ದಿನದ ಕೊನೆಗೆ ಬಿಸಿಯಿರುವಾಗಲೇ ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜಿ, ತೆಳುವಾಗಿ ಎಣ್ಣೆ ಒರೆಸಿದರೆ ಮುಗಿಯಿತು. ಅದಕ್ಕೆ ಸೋಪು, ನೀರು ಹಾಕಿದ ಹೊಸ ಹುಡುಗನೊಬ್ಬನಿಂದಾಗಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದು, ಮರುದಿನವೆಲ್ಲ ಮತ್ತೆ ಪಳಗಿಸುವುದರಲ್ಲೇ ಕಳೆದಿದ್ದೂ ಉಂಟು. ಯಾವ ಯಂತ್ರವೇ ಆಗಲಿ, ಉಕ್ಕಿದ ಹಿಟ್ಟು ಕೀಲಿನೊಳಗೆ ಇಳಿದು ಸುಟ್ಟು ಕಲ್ಲಾಗುತ್ತದೆ; ಸುತ್ತ ಕಾಲುವೆಯೂ ಕೆಳಗೆ ಎಳೆದು ತೆಗೆಯುವ ತಟ್ಟೆಯೂ ಇರುವ ಮಾದರಿ ಈ ಕೆಲಸವನ್ನು ಅರ್ಧಕ್ಕೆ ಇಳಿಸುತ್ತದೆ.

ನನ್ನ ಕಬ್ಬಿಣದ ಯಂತ್ರದ ಬಗ್ಗೆ ಎರಡು ದೂರುಗಳಿವೆ. ಬೆಳಿಗ್ಗೆ ಅದು ಪೂರ್ತಿ ಕಾಯಲು ಅರ್ಧ ಗಂಟೆ ಬೇಕು, ಬೇಸಿಗೆಯಲ್ಲಿ ಅದರ ಮುಂದೆ ನಿಲ್ಲುವುದು ಒಲೆಯ ಮುಂದೆ ನಿಂತಂತೆಯೇ. ದಿನಕ್ಕೆ ಮೂವತ್ತಕ್ಕಿಂತ ಕಡಿಮೆ ವಾಫಲ್ ಮಾರುವವರಿಗೆ, ಅದೂ ಬಿಟ್ಟು ಬಿಟ್ಟು ಬರುವ ಗಿರಾಕಿಗಳಿಗಾಗಿ, ಇಷ್ಟು ಲೋಹವನ್ನು ದಿನವಿಡೀ ಕಾಯಿಸಿಡುವುದು ವಿದ್ಯುತ್ತಿನ ದಂಡ. ಅವರಿಗೆ 1000ದಿಂದ 1500 ವಾಟ್‌ನ, ದಪ್ಪ ಅಲ್ಯೂಮಿನಿಯಂನ, ಪ್ಲೇಟು ಬದಲಿಸಬಹುದಾದ ಮಗುಚುವ ಒಂಟಿ ಯಂತ್ರವೇ ತಕ್ಕದ್ದು. ತಂತಿ ತುಂಡಾದ ಆ ಐದು ವಾರಗಳ ನೆನಪಿದ್ದರೂ ಈ ಮಾತನ್ನು ಹೇಳುತ್ತೇನೆ. ಸಾಲು ಹತ್ತುವ ಅಂಗಡಿಗೆ, ಲೀಜ್ ಮಾಡುವವರಿಗೆ ಕಬ್ಬಿಣ. ಮನೆಬಳಕೆಯ ಯಂತ್ರವನ್ನು ಪಾಕ ಪರೀಕ್ಷಿಸಲು ಇಟ್ಟುಕೊಳ್ಳಬಹುದು, ನಾನೂ ಇಟ್ಟುಕೊಂಡಿದ್ದೇನೆ.

ಕಬ್ಬಿಣದ ಹೊಸ ಯಂತ್ರದ ಬೆಲೆ ಕೈಗೆ ಎಟುಕದವರು ಹಳೆಯದನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಕಾಯಿಲ್, ಥರ್ಮೋಸ್ಟಾಟ್ ಬದಲಿಸಿದರೆ ಪ್ಲೇಟುಗಳು ದಶಕಗಳ ಕಾಲ ಬಾಳುತ್ತವೆ. ತುಕ್ಕು ಇದ್ದರೆ ಚಿಂತೆಯಿಲ್ಲ, ಉಜ್ಜಿದರೆ ಹೋಗುತ್ತದೆ. ಬಿರುಕು ಮತ್ತು ಸೊಟ್ಟ ಇವೆರಡಕ್ಕೆ ಮದ್ದಿಲ್ಲ. ತಣ್ಣಗಿರುವಾಗ ಪ್ಲೇಟಿನ ಅಂಚುಗಳು ಕೂಡುವ ನಾಲ್ಕೂ ಮೂಲೆಗಳಲ್ಲಿ ಒಂದೊಂದು ಕಾಗದದ ಪಟ್ಟಿ ಇಟ್ಟು ಮುಚ್ಚಳ ಹಾಕಿ, ಒಂದೊಂದನ್ನೇ ಮೆಲ್ಲಗೆ ಎಳೆದು ನೋಡಿ: ನಾಲ್ಕೂ ಒಂದೇ ಬಿಗಿಯಲ್ಲಿ ಬಂದರೆ ಪ್ಲೇಟು ನೇರವಾಗಿದೆ, ಒಂದು ಮಾತ್ರ ಸಡಿಲವಾಗಿ ಜಾರಿ ಬಂದರೆ ಹಿಟ್ಟು ಸೋರುವುದು ಆ ಮೂಲೆಯಿಂದಲೇ.